ದಾವಣಗೆರೆಯಿಂದ ಹೋಗಿ ಒಂದೇ ದಿನದಲ್ಲಿ ಆಧುನಿಕ ಕಲೆಯ ಮ್ಯೂಸಿಯಂ ನೋಡಿ ಬರುವುದು ಹೇಗೆ

ನನ್ನದು ಮಂಡಿಪೇಟೆ ಕಡೆ ಒಂದು ಬಟ್ಟೆ ಅಂಗಡಿ. ಚಿತ್ರ ಬರೆಯೋಕೆ ಬರಲ್ಲ, ಕಲಾ ಶಾಲೆಯ ಮೆಟ್ಟಿಲು ಹತ್ತಿದವನೂ ಅಲ್ಲ. ಆದರೂ ವರ್ಷಕ್ಕೆ ಎರಡು ಮೂರು ಸಲ ಬೆಂಗಳೂರಿಗೆ ಹೋಗಿ ಪೇಂಟಿಂಗ್ ನೋಡಿ ಬರುತ್ತೇನೆ. ಇದು ಗೊತ್ತಾದವರು ಮೊದಲು ನಗುತ್ತಾರೆ. ಆಮೇಲೆ ಮೆಲ್ಲಗೆ ಪಕ್ಕಕ್ಕೆ ಕರೆದು, "ನಮ್ಮ ಹುಡುಗರನ್ನೂ ಒಂದ್ಸಲ ಕರ್ಕೊಂಡು ಹೋಗಬೇಕು, ಆದ್ರೆ ನಮಗೆ ಅವೆಲ್ಲ ಅರ್ಥ ಆಗಲ್ವಲ್ಲ" ಅನ್ನುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿ, ಎಲ್ಲವನ್ನೂ ಒಂದೇ ಕಡೆ ಬರೆದು ಇಡುತ್ತಿದ್ದೇನೆ. ಅರ್ಥ ಆಗಲ್ಲ ಅನ್ನೋ ಭಯಕ್ಕೂ ಕೆಳಗೆ ಒಂದು ಮದ್ದಿದೆ, ನಮ್ಮಮ್ಮ ಕಲಿಸಿದ್ದು.

ಮೊದಲು: ಎಲ್ಲಿಗೆ ಹೋಗಬೇಕು ಅಂತ ಒಂದನ್ನು ಆರಿಸಿಕೊಳ್ಳಿ

ಬೆಂಗಳೂರಿನಲ್ಲಿ ನಮಗೆ ಬೇಕಾದ ಜಾಗಗಳು ಮುಖ್ಯವಾಗಿ ನಾಲ್ಕು.

ಅರಮನೆ ರಸ್ತೆಯಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಇದೆ, ಎನ್‌ಜಿಎಂಎ ಅನ್ನುತ್ತಾರೆ. ದೆಹಲಿಯಲ್ಲಿ 1954ರಲ್ಲಿ ಶುರುವಾಯಿತು, ಮುಂಬೈಗೆ 1996ರಲ್ಲಿ ಬಂತು, ಬೆಂಗಳೂರಿನದು ತೆರೆದಿದ್ದು 2009ರಲ್ಲಿ. ಮಾಣಿಕ್ಯವೇಲು ಮ್ಯಾನ್ಷನ್ ಅನ್ನೋ ಹಳೇ ಬಂಗಲೆ, ಹಿಂದುಗಡೆ ಹೊಸ ಕಟ್ಟಡ, ಸುತ್ತ ದೊಡ್ಡ ದೊಡ್ಡ ಮರ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಇದನ್ನೇ. ರಾಜಾ ರವಿವರ್ಮ, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್, ರವೀಂದ್ರನಾಥ ಠಾಕೂರರಂಥವರ ಚಿತ್ರಗಳು ಎನ್‌ಜಿಎಂಎ ಸಂಗ್ರಹದಲ್ಲಿವೆ. ದೊಡ್ಡ ಪಾಲು ಇರುವುದು ದೆಹಲಿಯಲ್ಲಿ, ಬೆಂಗಳೂರಿನಲ್ಲಿ ಆಗಾಗ ಬದಲಾಯಿಸಿ ತೋರಿಸುತ್ತಾರೆ.

ಕಸ್ತೂರಬಾ ರಸ್ತೆಯಲ್ಲಿ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ, ಅಂದರೆ ಮ್ಯಾಪ್. 2023ರ ಫೆಬ್ರವರಿಯಲ್ಲಿ ತೆರೆದ ಖಾಸಗಿ ಮ್ಯೂಸಿಯಂ. ಹೊರಗಿನಿಂದ ಉಕ್ಕಿನ ನೀರಿನ ಟ್ಯಾಂಕಿನ ಹಾಗೆ ಕಾಣುತ್ತೆ, ಬೇಕಂತಲೇ ಹಾಗೆ ಕಟ್ಟಿದ್ದು. ಇಲ್ಲಿ ಪೇಂಟಿಂಗ್ ಜೊತೆ ಫೋಟೋ, ಜವಳಿ, ಹಳೇ ಸಿನಿಮಾ ಪೋಸ್ಟರ್ ಕೂಡ ಸಂಗ್ರಹದಲ್ಲಿವೆ. ಬಟ್ಟೆ ವ್ಯಾಪಾರದ ನನಗೆ ಇದು ಜಾಸ್ತಿ ಇಷ್ಟ, ಅದನ್ನು ಮುಚ್ಚಿಡೋದ್ಯಾಕೆ.

ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತು 1960ರದ್ದು. ಚಿತ್ರಸಂತೆಗೆ ಹೋದವರಿಗೆ ಹೊರಗಿನ ರಸ್ತೆ ಗೊತ್ತು, ಒಳಗಿನ ಮ್ಯೂಸಿಯಂ ಗೊತ್ತಿರಲ್ಲ. ಕೆ.ಕೆ. ಹೆಬ್ಬಾರರ ಚಿತ್ರಗಳು, ರಷ್ಯಾದ ಕಲಾವಿದ ರೋರಿಕ್ ಅವರ ಹಿಮಾಲಯದ ಚಿತ್ರಗಳು, ಜೊತೆಗೆ ತೊಗಲು ಗೊಂಬೆಗಳ ಒಳ್ಳೆ ಸಂಗ್ರಹ ಅಲ್ಲಿದೆ. ಕೊನೆಯದು ಕಸ್ತೂರಬಾ ರಸ್ತೆಯಲ್ಲೇ ಇರುವ ವೆಂಕಟಪ್ಪ ಆರ್ಟ್ ಗ್ಯಾಲರಿ. ಅಲ್ಲಿ ಆಗಾಗ ರಿಪೇರಿ ಕೆಲಸ ನಡೆಯುತ್ತಿರುತ್ತೆ, ಬಾಗಿಲು ತೆಗೆದಿದೆಯಾ ಅಂತ ಕೇಳಿಕೊಂಡೇ ಹೋಗಿ.

ಒಂದೇ ದಿನದಲ್ಲಿ ನಾಲ್ಕನ್ನೂ ಮುಗಿಸ್ತೀನಿ ಅಂತ ಹೊರಡಬೇಡಿ. ಒಂದು ಸಾಕು. ಕಾಲು ಗಟ್ಟಿ ಇದ್ದರೆ ಎರಡು.

ಎರಡನೆಯದು: ದಿನ, ಮತ್ತು ಒಂದು ಫೋನು

ಸೋಮವಾರ ಹೋಗಬೇಡಿ. ಎನ್‌ಜಿಎಂಎ, ಮ್ಯಾಪ್ ಎರಡೂ ಸೋಮವಾರ ಮುಚ್ಚಿರುತ್ತವೆ. ಸರ್ಕಾರಿ ಮ್ಯೂಸಿಯಂ ರಾಷ್ಟ್ರೀಯ ರಜಾದಿನಗಳಲ್ಲೂ ಇರಲ್ಲ, ಅಂದರೆ ಆಗಸ್ಟ್ 15 ರಜೆ ಇದೆಯಲ್ಲಾ ಅಂತ ಮಕ್ಕಳನ್ನು ಕರೆದುಕೊಂಡು ಹೊರಟರೆ ಗೇಟು ನೋಡಿಕೊಂಡು ವಾಪಸ್ ಬರಬೇಕು. ನಾನು ಇದನ್ನು ಕಲಿತಿದ್ದು ಹೇಗೆ ಅಂದ್ರೆ, ಭಾನುವಾರ ಬೆಂಗಳೂರಿನಲ್ಲಿ ನೆಂಟರ ಮದುವೆ ಇತ್ತು, ಹೇಗೂ ಬಂದಿದ್ದೀವಿ ಅಂತ ವಾಪಸ್ ರೈಲನ್ನು ಸೋಮವಾರಕ್ಕೆ ಬುಕ್ ಮಾಡಿಸಿ, ಮನೆಯವರನ್ನೆಲ್ಲ ಹೊರಡಿಸಿಕೊಂಡು, ಎರಡು ಆಟೋ ಮಾಡಿಕೊಂಡು ಹೋಗಿ, ಮುಚ್ಚಿದ ಗೇಟಿನ ಮುಂದೆ ರೇಷ್ಮೆ ಸೀರೆ ಉಟ್ಟ ನಾಲ್ಕು ಹೆಂಗಸರ ಜೊತೆ ನಿಂತಿದ್ದೆ. ಆ ಮಾತು ಇವತ್ತಿಗೂ ಮನೆಯಲ್ಲಿ ಬರುತ್ತೆ.

ಹಿಂದಿನ ದಿನ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ನಾಳೆ ತೆರೆದಿರುತ್ತಾ, ಎಷ್ಟು ಗಂಟೆವರೆಗೆ? ಈಗ ಇರುವುದು ನಿಮ್ಮದೇ ಸಂಗ್ರಹದ ಪ್ರದರ್ಶನವಾ, ಹೊರಗಿನಿಂದ ಬಂದದ್ದಾ? ಯಾವುದಾದರೂ ಕೋಣೆ ಮುಚ್ಚಿದೆಯಾ?

ಎರಡನೇ ಪ್ರಶ್ನೆ ಮುಖ್ಯ. ತುಂಬಾ ಜನ ತಿಳಿದುಕೊಂಡಿರುವುದು ಮ್ಯೂಸಿಯಂ ಅಂದರೆ ಇರೋದನ್ನೆಲ್ಲ ಗೋಡೆಗೆ ನೇತುಹಾಕಿರುತ್ತಾರೆ ಅಂತ. ಹಾಗಿಲ್ಲ. ಎನ್‌ಜಿಎಂಎ ಒಟ್ಟು ಸಂಗ್ರಹ 17 ಸಾವಿರಕ್ಕೂ ಹೆಚ್ಚು, ಮ್ಯಾಪ್‌ನಲ್ಲಿ 60 ಸಾವಿರಕ್ಕೂ ಹೆಚ್ಚು ವಸ್ತುಗಳಿವೆ. ಗೋಡೆ ಮೇಲೆ ಬರುವುದು ಅದರಲ್ಲಿ ಚೂರೇ ಚೂರು. ಉಳಿದದ್ದು ಗೋಡೌನಿನಲ್ಲಿ.

ಇದಕ್ಕೆ ಜಾಗ ಸಾಲದ್ದು ಒಂದೇ ಕಾರಣ ಅಲ್ಲ. ನಮ್ಮ ಅಂಗಡಿಯ ಶೋಕೇಸಿನ ಗೊಂಬೆಗೆ ಒಂದು ಸೀರೆ ಉಡಿಸಿ ಮೂರು ತಿಂಗಳು ಬಿಟ್ಟರೆ ಏನಾಗುತ್ತೆ ಗೊತ್ತಾ? ಸಂಜೆ ಬಿಸಿಲು ಬೀಳುವ ಕಡೆ ಬಣ್ಣ ಮಾಸಿ, ನಿರಿಗೆಯ ಒಳಗಡೆ ಮಾತ್ರ ಮೊದಲಿನ ಬಣ್ಣ ಉಳಿದಿರುತ್ತೆ. ಬಿಚ್ಚಿದರೆ ಪಟ್ಟೆ ಪಟ್ಟೆ. ಆ ಸೀರೆ ಅರ್ಧ ರೇಟಿಗೂ ಹೋಗಲ್ಲ. ಚಿತ್ರಕ್ಕೂ ಇದೇ ಕಥೆ. ಕಾಗದದ ಮೇಲಿನ ಜಲವರ್ಣ, ಹಳೇ ಫೋಟೋ, ಬಟ್ಟೆ, ಇವುಗಳ ಮೇಲೆ ಮ್ಯೂಸಿಯಂನವರು ಸಾಮಾನ್ಯವಾಗಿ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಜಾಸ್ತಿ ಬೆಳಕು ಬಿಡಲ್ಲ, ನಮ್ಮ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಅದರ ಎಷ್ಟೋ ಪಟ್ಟು ಇರುತ್ತೆ. ಕೆಲವು ತಿಂಗಳು ತೋರಿಸಿ ಆಮೇಲೆ ಕತ್ತಲೆಯಲ್ಲಿ ವರ್ಷಗಟ್ಟಲೆ ವಿಶ್ರಾಂತಿ. ಎಣ್ಣೆ ಬಣ್ಣ ಇನ್ನೊಂದಿಷ್ಟು ತಡೆಯುತ್ತೆ, 200 ಲಕ್ಸ್‌ವರೆಗೆ ಬಿಡುತ್ತಾರೆ. ಹಾಗಾಗಿ ಒಳಗೆ ಹೋದಾಗ "ಕರೆಂಟ್ ಉಳಿಸ್ತಿದ್ದಾರಾ" ಅಂತ ಬೈಯಬೇಡಿ. ಒಂದೇ ಒಂದು ಚಿತ್ರ ನೋಡೋಕೆ ಹೋಗುವುದಾದರೆ ಅದು ಈಗ ಗೋಡೆ ಮೇಲಿದೆಯಾ ಅಂತ ಕೇಳಿಯೇ ಹೊರಡಿ.

ಮೂರನೆಯದು: ಹೋಗುವ ದಾರಿ

ದಾವಣಗೆರೆಯಿಂದ ಬೆಂಗಳೂರು ರಸ್ತೆಯಲ್ಲಿ ಸುಮಾರು 260 ಕಿಲೋಮೀಟರ್, ರೈಲಲ್ಲಾದರೆ ಅದು ಯಾವ ರೈಲು ಅನ್ನೋದರ ಮೇಲೆ ನಾಲ್ಕರಿಂದ ಆರು ಗಂಟೆ. ರಾತ್ರಿ ಹೊರಟು ಬೆಳಿಗ್ಗೆ ಇಳಿದರೆ ಇಡೀ ದಿನ ಕೈಯಲ್ಲಿರುತ್ತೆ. ಚಿತ್ರದುರ್ಗದವರು ಬಸ್ಸೇ ನಂಬಬೇಕು, ನಿಮ್ಮ ಊರಿನದು ಚಿಕ್ಕಜಾಜೂರಿನಲ್ಲಿ ಕವಲೊಡೆಯುವ ರೈಲು ಲೈನು. ಹಿರಿಯೂರು, ಸಿರಾ, ತುಮಕೂರು ದಾಟಿ 200 ಕಿಲೋಮೀಟರ್.

ಮೆಜೆಸ್ಟಿಕ್‌ನಲ್ಲಿ ಇಳಿದ ಮೇಲೆ ನೇರಳೆ ಮಾರ್ಗದ ಮೆಟ್ರೋ ಹತ್ತಿ. ಮ್ಯಾಪ್‌ಗೆ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ನಡೆಯಬಹುದು. ಎನ್‌ಜಿಎಂಎಗೆ ವಿಧಾನಸೌಧ ನಿಲ್ದಾಣದಲ್ಲಿ ಇಳಿದು ಆಟೋ. ಹೊಟ್ಟೆ ತುಂಬ ತಿಂದು ಹೋಗಿ. ಅಲ್ಲಿ ಬೆಣ್ಣೆ ದೋಸೆ ಅಂತ ಬೋರ್ಡ್ ಹಾಕಿದ ಹೋಟೆಲ್ ಕಂಡ ಕಂಡಲ್ಲಿ ಇವೆ, ತಿನ್ನಿ, ಆದರೆ ನಮ್ಮೂರಿನದ್ದರ ಜೊತೆ ಹೋಲಿಸಿ ಮನಸ್ಸು ಕೆಡಿಸಿಕೊಳ್ಳಬೇಡಿ.

ಹೊರಡುವ ಮೊದಲು ಊರಲ್ಲೇ ಕಣ್ಣು ಪಳಗಿಸಿ

ಇದು ಕಡ್ಡಾಯ ಅಲ್ಲ, ಆದರೆ ಉಪಯೋಗ ಇದೆ. ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದ ಹುಡುಗ ಹುಡುಗಿಯರ ಪ್ರದರ್ಶನ ಇದ್ದಾಗ ಹೋಗಿ. ಚಿತ್ರ ಬರೆದವರೇ ಪಕ್ಕದಲ್ಲಿ ನಿಂತಿರುತ್ತಾರೆ, ಇದ್ಯಾಕೆ ಹೀಗೆ ಅಂತ ನೇರ ಕೇಳಬಹುದು. ದೊಡ್ಡ ಮ್ಯೂಸಿಯಂನಲ್ಲಿ ಆ ಭಾಗ್ಯ ಇಲ್ಲ.

ಚಿತ್ರದುರ್ಗದ ಸರ್ಕಾರಿ ಮ್ಯೂಸಿಯಂ ಬೇರೆ ಥರ. ಚಂದ್ರವಳ್ಳಿಯಲ್ಲಿ ಅಗೆದಾಗ ಶಾತವಾಹನರ ನಾಣ್ಯ, ರೋಮನ್ ನಾಣ್ಯ ಸಿಕ್ಕ ಊರು ಅದು. ಅಂಥ ಕಡೆ ಒಂದು ಮಡಕೆ ಚೂರನ್ನು ನೋಡುವಾಗ ಇದು ಎಷ್ಟು ಹಳೆಯದು ಅಂತ ಕೇಳುತ್ತೇವೆ. ಆಧುನಿಕ ಕಲೆಯ ಮ್ಯೂಸಿಯಂಗೆ ಹೋಗಿ ಅದೇ ಪ್ರಶ್ನೆ ಕೇಳಿದರೆ ಮೊನ್ನೆ ಮೊನ್ನೆಯದು ಅನ್ನಿಸಿ ಬೇಜಾರಾಗುತ್ತೆ. ಅಲ್ಲಿ ಕೇಳಬೇಕಾದದ್ದು, ಇದನ್ನು ಮಾಡಿದವರು ಯಾವುದನ್ನು ಬಿಟ್ಟರು, ಯಾವುದನ್ನು ಇಟ್ಟುಕೊಂಡರು ಅಂತ.

ಆಧುನಿಕ, ಸಮಕಾಲೀನ ಅನ್ನೋ ಎರಡು ಪದ ಎಲ್ಲಾ ಕಡೆ ಸಿಗುತ್ತವೆ. ಗಡಿ ಗೆರೆ ಗಟ್ಟಿಯಾಗಿಲ್ಲ. ಸುಮಾರಾಗಿ ಹೇಳಬೇಕು ಅಂದರೆ, ಅಬನೀಂದ್ರನಾಥ ಠಾಕೂರರು ಮತ್ತು ಅವರ ಜೊತೆಗಿದ್ದ ಬಂಗಾಳದ ಕಲಾವಿದರು, 1947ರಲ್ಲಿ ಮುಂಬೈಯಲ್ಲಿ ಗುಂಪು ಕಟ್ಟಿದ ಸೋಜಾ, ರಝಾ, ಹುಸೇನ್, ನಮ್ಮ ವೆಂಕಟಪ್ಪ, ಹೆಬ್ಬಾರ್ ಇವರೆಲ್ಲ ಆಧುನಿಕರು. ನಮ್ಮ ಕಾಲದಲ್ಲಿ ಕೆಲಸ ಮಾಡುತ್ತಿರುವವರು ಸಮಕಾಲೀನರು. ಇಷ್ಟು ಗೊತ್ತಿದ್ದರೆ ಒಳಗೆ ಹೋಗೋಕೆ ಸಾಕು.

ನಾಲ್ಕನೆಯದು: ಕೈ ಹಿಂದಕ್ಕೆ ಕಟ್ಟಿಕೊಳ್ಳಿ

ಬ್ಯಾಗ್ ಬಾಗಿಲಲ್ಲೇ ಕೊಡಬೇಕಾಗಬಹುದು. ಮಂಡಕ್ಕಿ ಮಿರ್ಚಿ ಪೊಟ್ಟಣ, ನೀರಿನ ಬಾಟಲಿ ಒಳಗೆ ಬಿಡಲ್ಲ. ಫೋಟೋ ತೆಗೆಯಬಹುದಾ ಅಂತ ಕೇಳಿ, ಬಿಟ್ಟರೂ ಫ್ಲ್ಯಾಶ್ ಬೇಡ. ಬರೆದುಕೊಳ್ಳೋಕೆ ಪೆನ್ಸಿಲ್ ಇಟ್ಟುಕೊಳ್ಳಿ, ಪೆನ್ನಿನ ಶಾಯಿ ಸಿಡಿದರೆ ಕಷ್ಟ ಅಂತ ಕೆಲವು ಕಡೆ ಪೆನ್ನು ಬಿಡುವುದಿಲ್ಲ.

ಈಗ ಮುಟ್ಟುವ ವಿಷಯ. ಬಟ್ಟೆ ವ್ಯಾಪಾರಿಯ ಕೈ ಸುಮ್ನೆ ಇರಲ್ಲ. ಯಾವ ಬಟ್ಟೆ ಕಂಡರೂ ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡಿದು ಒಂದ್ಸಲ ಉಜ್ಜಿ ಅದರ ಮೈ ನೋಡಿದರೇನೇ ಸಮಾಧಾನ. ಒಂದು ಮ್ಯೂಸಿಯಂನಲ್ಲಿ ಸೂರಿನಿಂದ ಇಳಿಬಿಟ್ಟ ಬಟ್ಟೆಯ ಕಲಾಕೃತಿ ಇತ್ತು, ಕೈಮಗ್ಗದ ಹತ್ತಿ, ಅಂಚು ಬಿಚ್ಚಿ ಎಳೆ ಜೋತಾಡುತ್ತಿತ್ತು. ನನಗೆ ಗೊತ್ತಿಲ್ಲದ ಹಾಗೇ ಕೈ ಹೋಗಿಬಿಟ್ಟಿತು. ಕಾವಲಿನವರು ಆ ಕಡೆ ಮೂಲೆಯಿಂದ ಕೂಗಿದ ಕೂಗಿಗೆ ಇಡೀ ಹಾಲ್ ತಿರುಗಿ ನೋಡಿತು. ಅವರು ಕೂಗಿದ ರೀತಿ ಸರಿ ಇರಲಿಲ್ಲ, ಆದರೆ ತಪ್ಪು ನನ್ನದೇ. ನಮ್ಮ ಬೆರಳಿನ ಎಣ್ಣೆ, ಬೆವರು ಅಲ್ಲೇ ಉಳಿಯುತ್ತೆ, ಮುಟ್ಟಿದ ದಿನ ಕಾಣಲ್ಲ, ವರ್ಷಗಳಾದ ಮೇಲೆ ಕಲೆಯಾಗಿ ಎದ್ದು ಬರುತ್ತೆ. ಅವತ್ತಿನಿಂದ ಬಾಗಿಲು ದಾಟುತ್ತಿದ್ದ ಹಾಗೆ ಎರಡೂ ಕೈ ಬೆನ್ನ ಹಿಂದೆ.

ಐದನೆಯದು: ನೋಡುವುದು

ಕೋಣೆಗೆ ಕಾಲಿಟ್ಟ ತಕ್ಷಣ ಮೊದಲ ಚಿತ್ರದ ಮುಂದೆ ನಿಂತು ಲೇಬಲ್ ಓದೋಕೆ ಶುರು ಮಾಡಬೇಡಿ. ಎಲ್ಲರೂ ಇದನ್ನೇ ಮಾಡೋದು, ಹತ್ತು ಚಿತ್ರ ಆಗುವಷ್ಟರಲ್ಲಿ ಸುಸ್ತು. ಮೊದಲು ಸುಮ್ನೆ ಒಂದು ಸುತ್ತು ಹೊಡೆಯಿರಿ, ಸಂತೆಯಲ್ಲಿ ಕೊಳ್ಳುವ ಮುಂಚೆ ಒಂದು ಸುತ್ತು ಬರ್ತೀವಲ್ಲ, ಹಾಗೆ. ಏನನ್ನೂ ಓದಬೇಡಿ. ಯಾವುದು ಕಾಲು ಹಿಡಿದು ನಿಲ್ಲಿಸುತ್ತೋ ಅದನ್ನು ನೆನಪಿಟ್ಟುಕೊಳ್ಳಿ. ಇಡೀ ಮ್ಯೂಸಿಯಂಗೆ ನಾಲ್ಕು ಸಾಕು. ಚೆನ್ನಾಗಿದೆ ಅನ್ನಿಸಿದ್ದೇ ಆಗಬೇಕಿಲ್ಲ, "ಥೂ ಇದೇನಿದು" ಅನ್ನಿಸಿದ್ದನ್ನೂ ಒಂದು ಸೇರಿಸಿ.

ಆಮೇಲೆ ಆ ನಾಲ್ಕರ ಹತ್ತಿರ ವಾಪಸ್ ಹೋಗಿ. ಒಂದೊಂದಕ್ಕೂ ಹತ್ತು ನಿಮಿಷ. ಹತ್ತು ನಿಮಿಷ ತುಂಬಾ ಉದ್ದ, ಮೂರನೇ ನಿಮಿಷಕ್ಕೆ ಫೋನ್ ತೆಗೆಯೋಣ ಅನ್ನಿಸುತ್ತೆ, ತಡೆದುಕೊಳ್ಳಿ. ದೂರದಿಂದ ನೋಡಿ. ಹತ್ತಿರ ಹೋಗಿ, ಒಂದು ಮೊಳ ಬಿಟ್ಟು. ಆಮೇಲೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ. ಎಣ್ಣೆ ಬಣ್ಣದ ಚಿತ್ರವನ್ನು ಓರೆಯಾಗಿ ನೋಡಿದಾಗಲೇ ಬಣ್ಣದ ದಪ್ಪ ಕಾಣೋದು. ಎಲ್ಲಿ ಚಾಕುವಿನಲ್ಲಿ ಬೆಣ್ಣೆ ಸವರಿದ ಹಾಗೆ ಹಚ್ಚಿದ್ದಾರೆ, ಎಲ್ಲಿ ತೆಳ್ಳಗೆ ಬಿಟ್ಟು ಕ್ಯಾನ್ವಾಸಿನ ನೇಯ್ಗೆ ಕಾಣಿಸುತ್ತಿದೆ, ಯಾವ ಜಾಗವನ್ನು ಬರೆದು ಅಳಿಸಿ ಮತ್ತೆ ಬರೆದಿದ್ದಾರೆ. ಮೊಬೈಲಿನಲ್ಲಿ ಇದು ಕಾಣಲ್ಲ. 260 ಕಿಲೋಮೀಟರ್ ಹೋಗೋದೇ ಇದಕ್ಕೆ.

ಜಲವರ್ಣದಲ್ಲಿ ಬೇರೆ ಆಟ. ಅಲ್ಲಿ ಬಿಳಿ ಕಂಡರೆ ಅದು ಹೆಚ್ಚಾಗಿ ಹಚ್ಚಿದ ಬಣ್ಣ ಅಲ್ಲ, ಬಣ್ಣ ತಾಗಿಸದೇ ಬಿಟ್ಟ ಕಾಗದ. ಕೆ. ವೆಂಕಟಪ್ಪನವರ ಊಟಿ, ಕೊಡೈಕೆನಾಲ್ ಚಿತ್ರಗಳು ಎಲ್ಲಾದರೂ ಕಣ್ಣಿಗೆ ಬಿದ್ದರೆ ಇದನ್ನು ಹುಡುಕಿ. 1886ರಲ್ಲಿ ಹುಟ್ಟಿದವರು, ಮೈಸೂರು ಮಹಾರಾಜರ ನೆರವಿನಲ್ಲಿ ಕಲ್ಕತ್ತಕ್ಕೆ ಹೋಗಿ ಅಬನೀಂದ್ರನಾಥರ ಹತ್ತಿರ ಕಲಿತರು, ಬಂದು ವೀಣೆ ಶೇಷಣ್ಣನವರ ಹತ್ತಿರ ವೀಣೆಯನ್ನೂ ಕಲಿತರು. ಬಿಟ್ಟ ಜಾಗ ತಪ್ಪಿದರೆ ಜಲವರ್ಣದಲ್ಲಿ ತಿದ್ದೋಕೆ ಆಗಲ್ಲ, ಕತ್ತರಿ ಹಾಕಿದ ಬಟ್ಟೆಯ ಹಾಗೆ.

ಈಗ ಅಮ್ಮನ ಮದ್ದು. ಒಂದು ಸಲ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಎಪ್ಪತ್ತು ದಾಟಿದೆ, ಶಾಲೆಗೆ ಹೋಗಿದ್ದು ನಾಲ್ಕನೇ ಕ್ಲಾಸಿನವರೆಗೆ, ಆದರೆ ಮನೆಯಲ್ಲಿರುವ ಕೌದಿಗಳೆಲ್ಲ ಅವರೇ ಹೊಲಿದಿದ್ದು. ಒಂದು ದೊಡ್ಡ ಅಮೂರ್ತ ಚಿತ್ರ, ಮನುಷ್ಯ ಇಲ್ಲ ಮರ ಇಲ್ಲ, ಬೂದಿ ಬಣ್ಣದ ಚೌಕಗಳು, ಎಡಗಡೆ ದಟ್ಟ ಕಪ್ಪು, ಬಲಗಡೆ ಕೆಳಗಿನ ಮೂಲೆಯಲ್ಲಿ ಅಂಗೈ ಅಗಲ ಕೆಂಪು. ನಾನು ನಾಚಿಕೊಂಡು ಬೇಗ ಮುಂದಕ್ಕೆ ಕರೆದುಕೊಂಡು ಹೋಗೋಣ ಅಂತಿದ್ದೆ. ಅಮ್ಮ ಅಲ್ಲೇ ನಿಂತು, ತಲೆ ಓರೆ ಮಾಡಿ, ಒಂದು ಕೈಯಲ್ಲಿ ಕಣ್ಣಿನ ಮುಂದೆ ಆ ಕೆಂಪನ್ನು ಮುಚ್ಚಿದರು. ತೆಗೆದರು. ಮತ್ತೆ ಮುಚ್ಚಿದರು. "ನೋಡೋ, ಈ ಕೆಂಪು ತುಣುಕು ಇಲ್ದೇ ಹೋಗಿದ್ರೆ ಕೌದಿ ಆ ಕಡೆ ಜಗ್ಗಿಬಿಡ್ತಿತ್ತು" ಅಂದರು. ನಾನೂ ಕೈ ಅಡ್ಡ ಹಿಡಿದು ನೋಡಿದೆ. ನಿಜ, ಇಡೀ ಚಿತ್ರ ಎಡಕ್ಕೆ ವಾಲಿತು. ಕೈ ತೆಗೆದರೆ ನೆಟ್ಟಗೆ ನಿಂತಿತು.

ಅರ್ಥ ಏನು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ, ಕೇಳೋಕೂ ಹೋಗಲಿಲ್ಲ. ನೀವೂ ಹೀಗೆ ಮಾಡಿ. ಯಾವುದೋ ಒಂದು ಭಾಗವನ್ನು ಕೈಯಿಂದ ಮರೆಮಾಡಿ, ಚಿತ್ರಕ್ಕೆ ಏನಾಯಿತು ನೋಡಿ. ಬಡಗಿ ಕೆಲಸದವರು, ರಂಗೋಲಿ ಹಾಕುವವರು, ಹೊಲಿಗೆಯವರು ಇದನ್ನು ಬೇಗ ಹಿಡಿಯುತ್ತಾರೆ. ಬಿ.ಎ., ಎಂ.ಎ. ಮಾಡಿದ ನಮ್ಮಂಥವರಿಗೆ ಸ್ವಲ್ಪ ನಿಧಾನ.

ಆರನೆಯದು: ಈಗ ಲೇಬಲ್ ಓದಿ

ಹೆಸರು, ವರ್ಷ, ಮಾಧ್ಯಮ (ಅಂದರೆ ಯಾವುದರಲ್ಲಿ ಮಾಡಿದ್ದು), ಅಳತೆ, ಎಲ್ಲಿಂದ ಬಂತು. ಇಷ್ಟು ಇರುತ್ತೆ. ನಾನು ಮೊದಲು ನೋಡೋದು ವರ್ಷ, ಆಮೇಲೆ ಕಲಾವಿದರು ಹುಟ್ಟಿದ ವರ್ಷ, ಕಳೆದರೆ ಆಗ ಅವರ ವಯಸ್ಸು ಸಿಗುತ್ತೆ. ಅಮೃತಾ ಶೇರ್‌ಗಿಲ್ 1913ರಲ್ಲಿ ಹುಟ್ಟಿ 1941ರಲ್ಲಿ ತೀರಿಕೊಂಡವರು, ಅಂದರೆ ಅವರ ಯಾವ ಚಿತ್ರದ ಮುಂದೆ ನಿಂತರೂ ಅದು ಇಪ್ಪತ್ತೆಂಟು ದಾಟದ ಹುಡುಗಿ ಬರೆದದ್ದು. ಅದು ಗೊತ್ತಾದ ಮೇಲೆ ಮತ್ತೆ ತಲೆ ಎತ್ತಿ ನೋಡಿ. "ಮಿಶ್ರ ಮಾಧ್ಯಮ" ಅಂತ ಇದ್ದರೆ ಏನೇನು ಸೇರಿಸಿದ್ದಾರೆ ಅಂತ ಹುಡುಕೋದು ಮಕ್ಕಳಿಗೆ ಒಳ್ಳೆ ಆಟ. "ಶೀರ್ಷಿಕೆ ಇಲ್ಲ" ಅಂತ ಇದ್ದರೆ ನೀವೇ ಒಂದು ಹೆಸರು ಇಡಿ, ಯಾರೂ ಬೇಡ ಅನ್ನಲ್ಲ.

ಬಂಪರ್, ಕೂದಲು, ಕುಂಕುಮ

ಸಮಕಾಲೀನ ವಿಭಾಗಕ್ಕೆ ಹೋದಾಗ ಗೋಡೆ ಮೇಲೆ ಚಿತ್ರ ಇಲ್ಲದೆ ನೆಲದ ಮೇಲೆ ಹಗ್ಗ, ಡ್ರಮ್ಮು, ಟಿವಿ ಇಟ್ಟಿದ್ದರೆ ಜನ ಸಿಟ್ಟಾಗುತ್ತಾರೆ. ನಾನೂ ಆಗಿದ್ದೆ. ನನ್ನ ಸಿಟ್ಟು ಇಳಿಸಿದ್ದು ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡರ ಕೆಲಸ. ಸೂಜಿಗಳ ಕಣ್ಣಿಗೆ ಪೋಣಿಸಿದ ಉದ್ದುದ್ದ ದಾರವನ್ನು ಕುಂಕುಮ ಬೆರೆಸಿದ ಅಂಟಿನಲ್ಲಿ ಒಟ್ಟು ಸೇರಿಸಿ, ಕೆಂಪು ಹಗ್ಗ ಮಾಡಿ, ಕೋಣೆ ತುಂಬ ಹಾವಿನ ಹಾಗೆ ಹರಿಬಿಡುತ್ತಾರೆ, ತುದಿಯಲ್ಲಿ ಸೂಜಿಗಳ ಗೊಂಚಲು. ಸಗಣಿ, ಟಾರ್ ಡ್ರಮ್ಮು ಎಲ್ಲ ಅವರ ಸಾಮಾನು. ಲಂಡನ್ನಿನ ಟೇಟ್ ಮ್ಯೂಸಿಯಂ ಸಂಗ್ರಹದಲ್ಲಿರುವ ಅವರ ಒಂದು ಕೃತಿಯಲ್ಲಿ ಸುಮಾರು 4 ಕಿಲೋಮೀಟರ್ ಉದ್ದದ ಕೂದಲಿನ ಹಗ್ಗ ಇದೆ, ಅದರಲ್ಲಿ ಕಾರಿನ ಬಂಪರ್‌ಗಳನ್ನು ತೂಗುಹಾಕಿದ್ದಾರೆ.

ಲಂಡನ್ನಿನವರಿಗೆ ಇದನ್ನು ವಿವರಿಸಿ ಹೇಳಬೇಕು. ನಮಗೆ ಬೇಕಾ? ದೃಷ್ಟಿ ಆಗದಿರಲಿ ಅಂತ ಬಂಪರಿಗೆ ಕಪ್ಪು ಕೂದಲಿನ ಹಗ್ಗ ಕಟ್ಟಿದ ಗಾಡಿಗಳು ನಮ್ಮ ಹೈವೇಯಲ್ಲಿ ದಿನಾ ಓಡಾಡುತ್ತವೆ. ಮುಡಿ ಕೊಟ್ಟ ಕೂದಲು ಎಲ್ಲಿಗೆ ಹೋಗುತ್ತೆ ಅಂತಲೂ ನಮಗೆ ಗೊತ್ತು. ಹಾಗಾಗಿ ಅಂಥ ಕೆಲಸದ ಮುಂದೆ ನಿಂತಾಗ ಮೊದಲ ಪ್ರಶ್ನೆ ಇದಿರಲಿ: ಈ ಸಾಮಾನನ್ನು ನಾನು ಕೊನೆಯ ಸಲ ಎಲ್ಲಿ ನೋಡಿದ್ದೆ, ಯಾರ ಕೈಯಲ್ಲಿ?

ಮಕ್ಕಳು, ವಯಸ್ಸಾದವರು ಇದ್ದರೆ

ಮಕ್ಕಳಿಗೆ ಒಂದು ಗಂಟೆ ಮಿತಿ. ನಂದಲಾಲ್ ಬೋಸರು 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಬರೆದ ಪೋಸ್ಟರ್‌ಗಳು ಎನ್‌ಜಿಎಂಎ ಸಂಗ್ರಹದಲ್ಲಿವೆ. ಡೋಲು ಬಡಿಯುವವರು, ದುಡಿಯುವ ಹಳ್ಳಿ ಜನ, ದಪ್ಪ ಗೆರೆ, ಕೆಲವೇ ಬಣ್ಣ. ಅಂಥವು ಸಿಕ್ಕರೆ ಮಕ್ಕಳನ್ನು ಅದರ ಮುಂದೆ ಅದೇ ಭಂಗಿಯಲ್ಲಿ ನಿಲ್ಲೋಕೆ ಹೇಳಿ. ತೂಕ ಯಾವ ಕಾಲಿನ ಮೇಲಿದೆ ಅಂತ ಅವರೇ ಹೇಳುತ್ತಾರೆ.

ವಯಸ್ಸಾದವರಿಗೆ ಲಿಫ್ಟ್, ಗಾಲಿಕುರ್ಚಿ ಇದೆಯಾ ಅಂತ ಫೋನಿನಲ್ಲೇ ಕೇಳಿಕೊಳ್ಳಿ. ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಯಾರೂ ತಂದು ಕೊಡಲ್ಲ. ಕೂರೋಕೆ ಬೆಂಚು ಕಂಡ ಕಡೆ ಕೂರಿಸಿ, ಬೆಂಚಿನ ಎದುರು ಇರುವ ಚಿತ್ರವೇ ಅವತ್ತಿನ ನಾಲ್ಕರಲ್ಲಿ ಒಂದು ಅಂದುಕೊಳ್ಳಿ.

ಹೊರಡುವಾಗ ಬಾಗಿಲ ಹತ್ತಿರ ಅಭಿಪ್ರಾಯದ ಪುಸ್ತಕ ಇಟ್ಟಿದ್ದರೆ ಬಿಡಬೇಡಿ. ಇಂಗ್ಲಿಷಿನಲ್ಲಿ ಬರೆಯಲೇಬೇಕು ಅಂತೇನಿಲ್ಲ. ಲೇಬಲ್ ಕನ್ನಡದಲ್ಲಿ ಇರಲಿಲ್ಲ ಅಂದರೆ ಕನ್ನಡದಲ್ಲೇ ಅದನ್ನು ಬರೆಯಿರಿ, ದಾವಣಗೆರೆ ಅಂತ ಊರು ಹಾಕಿ. ನಾನು ಪ್ರತಿ ಸಲ ಹೋದಾಗಲೂ ಅದನ್ನೇ ಬರೆಯುತ್ತೇನೆ. ಅವತ್ತು ನಾನು ಬರೆದು ಮುಗಿಸಿದ ಮೇಲೆ ಅಮ್ಮ ಪೆನ್ನು ಇಸಕೊಂಡು, ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಅಕ್ಷರ ಜೋಡಿಸಿ, ನನ್ನ ಸಾಲಿನ ಕೆಳಗೆ ತಮ್ಮದೊಂದು ಸೇರಿಸಿದರು: "ಚಿತ್ರ ಚನ್ನಾಗಿವೆ. ಇನ್ನೂ ಎರಡು ಬೆಂಚು ಹಾಕಿಸಿ."